ಕೆರೆ ಏರಿಯ ಕಲ್ಲು

ಬರ್ಲಿನ್, ನವೆಂಬರ್ 10

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ. ಅಮ್ಮ ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ.

ನಿನ್ನೆ ಸಂಜೆ ಪಕ್ಕದ ಬಿಲ್ಡಿಂಗಿನ ಅಜ್ಜಿಯೊಬ್ಬರು ಫುಟ್‌ಪಾತ್ ಮೇಲೆ ಕೂತು ಏನನ್ನೋ ಉಜ್ಜುತ್ತಿದ್ದರು. ಅಮ್ಮ ಹುಣಸೆಹಣ್ಣು ಹಚ್ಚಿ ದೇವರ ಪಾತ್ರೆ ಉಜ್ಜುವ ಹಾಗೆಯೇ. ನೋಡಿದರೆ ನೆಲದಲ್ಲಿ ಕೂರಿಸಿದ ಅಂಗೈಯಗಲದ ಹಿತ್ತಾಳೆ ತಗಡು. ಮೇಲೆ 'ಇಲ್ಲಿ ವಾಸವಾಗಿದ್ದರು' ಅಂತ ಇದೆ. ಕೆಳಗೆ ಒಬ್ಬ ಯಹೂದಿ ಹೆಂಗಸಿನ ಹೆಸರು, ಹುಟ್ಟಿದ ವರ್ಷ, ನಾಜಿಗಳು ಅವರನ್ನು ಎಳೆದೊಯ್ದ ವರ್ಷ, ಕೊಂದ ಜಾಗ. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು ಶುರು ಮಾಡಿದ ಕೆಲಸ ಇದು. 2023ರ ಹೊತ್ತಿಗೆ ಯುರೋಪಿನಲ್ಲಿ ಇಂಥ ತಗಡು ಹೊದಿಸಿದ ಕಲ್ಲು 1 ಲಕ್ಷ ಆದವು. 1938ರ ನವೆಂಬರ್ 9ರ ರಾತ್ರಿ ಯಹೂದಿಗಳ ಅಂಗಡಿ ಒಡೆದು, ಅವರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಟ್ಟಿದ್ದರು. ಅದಕ್ಕೇ ಆ ದಿನ ಜನ ಈ ತಗಡು ಬೆಳಗಿ ಮೇಣದಬತ್ತಿ ಹಚ್ಚುತ್ತಾರೆ.

ಊರ ನಡುವೆ ದೊಡ್ಡ ಸ್ಮಾರಕವೂ ಇದೆ. 2,711 ಕಾಂಕ್ರೀಟ್ ದಿಮ್ಮಿಗಳು. ಅಲ್ಲಿ ನಡೆದಾಗ ಮೈ ಜುಂ ಅಂದಿತ್ತು. ಆದರೂ ನನಗೆ ಜಾಸ್ತಿ ತಟ್ಟಿದ್ದು ಈ ತಗಡೇ. ಇದರಲ್ಲಿ ಹೆಸರಿದೆ, ಅದೂ ಅವರ ಮನೆ ಬಾಗಿಲಲ್ಲೇ.

ಆಗಲೇ ನಮ್ಮ ಕೆರೆ ಏರಿಯ ವೀರಗಲ್ಲು ನೆನಪಾಯ್ತು. ಕೆಳಗೆ ಹೋರಾಟ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಕೆಳಗಿನ ಹಂತದಲ್ಲಿ ದನಗಳಿವೆ. ಅಂದರೆ ತುರುಗೊಳ್ (ದನ ಕದ್ದೊಯ್ಯುವ ದಾಳಿ) ನಡೆದಾಗ ಊರ ದನ ಬಿಡಿಸಲು ಹೋಗಿ ಸತ್ತವನು. ನಮ್ಮೂರಿನವನು! ಅವನ ಹೆಸರೇನು ಅಪ್ಪ? ನಾವು ಅದರ ಮೇಲೆ ಬಟ್ಟೆ ಒಣಗಿಸುತ್ತಿದ್ದೆವು.

ಬೇಲೂರಿನ ಗುಡಿ ಕಟ್ಟಿಸಿದ್ದು ವಿಷ್ಣುವರ್ಧನ ಅಂತ ಮಕ್ಕಳಿಗೂ ಗೊತ್ತು. ಬೇಲೂರು, ಹಳೇಬೀಡು ಯುನೆಸ್ಕೋ ಪಟ್ಟಿಗೆ ಸೇರಿದಾಗ ನೀವು ಫೋನಲ್ಲಿ ಎಷ್ಟು ಖುಷಿಪಟ್ಟಿರಿ. ನನಗೂ ಹೆಮ್ಮೆಯೇ. ಆದರೆ ನಮ್ಮ ಕಲ್ಲನ್ನು ನೋಡಿಕೊಳ್ಳಲು ಬೇರೆ ಯಾರು ಬರುತ್ತಾರೆ? ನಮ್ಮ ಅಜ್ಜಿ ದೀಪಾವಳಿಗೆ ಅಲ್ಲೂ ಒಂದು ಹಣತೆ ಇಡುತ್ತಿದ್ದರು, ನೆನಪಿದೆಯಾ? ಅವರು ಹೋದ ಮೇಲೆ ಅದೂ ನಿಂತಿತು.

ಒಂದು ಕೆಲಸ ಮಾಡಿ. ಸುಣ್ಣ, ಪೇಂಟು ಏನೂ ಬೇಡ. ಹಳೇ ಪಂಚೆ ಒದ್ದೆ ಮಾಡಿ ಸುಮ್ನೆ ಒರೆಸಿ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇರಬಹುದು. ಬೆಳಗ್ಗೆ ಓರೆ ಬಿಸಿಲಿಗೆ ಅವು ಎದ್ದು ಕಾಣುತ್ತವೆ, ಆಗ ಫೋಟೊ ತೆಗೆದು ಕಳಿಸಿ. ಬ್ರಿಟಿಷರ ಕಾಲದ ಶಾಸನ ತಜ್ಞ ಬಿ.ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲೇ ಅಚ್ಚು ಮಾಡಿಸಿದ್ದಾರೆ. ಅದರಲ್ಲಿ ನಮ್ಮೂರನ್ನು ನಾನು ಹುಡುಕುತ್ತೇನೆ.

ಅಮ್ಮನ ಮಂಡಿ ನೋವು ಹೇಗಿದೆ, ಬರೆಯಿರಿ.

ನಿಮ್ಮ ಮಗಳು