ಒಂದೇ ಹಾಡಿನ ಒಂಬತ್ತು ತಟ್ಟೆ ಇಟ್ಕೊಂಡೋನ ಕಾಗದ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಿಮ್ಮ ಭಾನುವಾರದ ಪುರವಣಿಲಿ ವಿಚಿತ್ರ ಶೋಕಿಗಳ ಬಗ್ಗೆ ಒಂದು ಬರಹ ಬಂದಿತ್ತಲ್ಲ, ಹಳೇ ನಾಣ್ಯ, ಬೆಂಕಿಪೊಟ್ಟಣ, ಪೆನ್ನು ಎಲ್ಲ ಆದ್ಮೇಲೆ ಕೊನೇಲಿ ಒಂದು ಸಾಲು, ಒಂದೇ ಹಾಡಿನ ರೆಕಾರ್ಡನ್ನ, ಅಂದ್ರೆ ಗ್ರಾಮಾಫೋನ್ ತಟ್ಟೇನ, ನಾಲ್ಕಾರು ದೇಶದಿಂದ ತರಿಸ್ಕೊಳ್ಳೋ ಮಹಾನುಭಾವರೂ ಇದ್ದಾರೆ ಅಂತ. ನಮ್ಮನೇಲಿ ಅದನ್ನ ನನ್ನ ಹೆಂಡ್ತಿ ಜೋರಾಗಿ ಓದಿದ್ಲು. ಓದಿ ಪೇಪರ್ ಮಡಚಿ ನನ್ನ ದೋಸೆ ತಟ್ಟೆ ಪಕ್ಕ ಇಟ್ಟು ಒಳಗೆ ಹೋದ್ಲು, ಒಂದು ಮಾತೂ ಆಡ್ಲಿಲ್ಲ. ಆ ಮಹಾನುಭಾವ ನಾನೇ. ಬೇಜಾರೇನಿಲ್ಲ, ನಗು ಬಂತು, ಆದ್ರೆ "ಒಂದೇ ಹಾಡು" ಅಂದಿದ್ದು ಮಾತ್ರ ತಪ್ಪು ಮಾರಾಯ್ರೆ. ಅದೊಂದನ್ನ ಹೇಳೋಣ ಅಂತ ಕೂತ್ರೆ ಕಾಗದ ಉದ್ದ ಆಯ್ತು. ಜಾಗ ಇಲ್ಲ ಅಂದ್ರೆ ಕತ್ತರಿಸಿ, ಕೊನೇಲಿ ಬರೋ ನಮ್ಮ ಮಾವನ ವಿಷಯ ಮಾತ್ರ ಬಿಡ್ಬೇಡಿ.

ಆ ಹಾಡಿನ ಬ್ಯಾಂಡ್ ಹೆಸರು ಡಿಪೆಷ್ ಮೋಡ್. ಲಂಡನ್ನಿಂದ ಪೂರ್ವಕ್ಕೆ ಎಸೆಕ್ಸ್ ಅಂತ ಇದೆ, ಅಲ್ಲಿ ಬ್ಯಾಸಿಲ್ಡನ್ ಅನ್ನೋ ಊರಿನ ಹುಡುಗ್ರು 1980ರಲ್ಲಿ ಕಟ್ಟಿದ್ದು, ಹೆಸರು ಒಂದು ಫ್ರೆಂಚ್ ಫ್ಯಾಷನ್ ಪತ್ರಿಕೇದು. ಶುರುವಿಗೆ ಗಿಟಾರೂ ಇಲ್ಲ ಡ್ರಮ್ಮೂ ಇಲ್ಲ ಅನ್ನೋ ಹಂಗೆ ಬರೀ ಸಿಂಥಸೈಸರ್, ಅದಕ್ಕೇ ಆ ಥರದ ಸಂಗೀತಕ್ಕೆ ಸಿಂಥ್‌ಪಾಪ್ ಅಂತಾರೆ. ನಾನು ನೋಡಿದ್ದು 1992ರ ಸುಮಾರಿಗೆ, ಶಿವಮೊಗ್ಗದಲ್ಲಿ ರೂಮ್ ಮಾಡ್ಕೊಂಡು ಕಾಲೇಜಿಗೆ ಹೋಗ್ತಿದ್ದಾಗ ಓನರ್ ಮನೇಲಿ ಕೇಬಲ್ ಹಾಕ್ಸಿದ್ರು, ಅದರಲ್ಲಿ ಎಂಟಿವಿ ಬರ್ತಿತ್ತು. ಒಬ್ಬ ರಾಜ, ತಲೇಲಿ ಕಿರೀಟ, ಮೈಮೇಲೆ ನಿಲುವಂಗಿ, ಕಂಕುಳಲ್ಲಿ ಒಂದು ಮಡಚೋ ಕುರ್ಚಿ ಇಟ್ಕೊಂಡು ಗುಡ್ಡದ ಮೇಲೆ, ಹಿಮದ ಮೇಲೆ ಒಬ್ನೇ ನಡೀತಾ ಇದಾನೆ. ಹಾಡು "ಎಂಜಾಯ್ ದ ಸೈಲೆನ್ಸ್". ನಮ್ ಕಡೆಯೋರಿಗೆ ಅದು ಹೆಂಗೆ ಕಾಣತ್ತೆ ಹೇಳಿ, ರಾತ್ರಿಯೆಲ್ಲ ಯಕ್ಷಗಾನದ ಆಟ ಆಡಿ ಬೆಳಗಿನ ಜಾವ ವೇಷ ಬಿಚ್ಚದೇ ಚೌಕಿಯಿಂದ ಬಸ್‌ಸ್ಟ್ಯಾಂಡಿಗೆ ಹೊರಟ ವೇಷಧಾರಿ ಥರಾನೇ. ಅಲ್ಲಿಗೆ ಸಿಕ್ಕಿಬಿದ್ದೆ.

ಈಗ ವಿಷಯಕ್ಕೆ ಬರ್ತೀನಿ. ಆ ಹಾಡು ಬರೆದಿದ್ದು ಬ್ಯಾಂಡಿನ ಮಾರ್ಟಿನ್ ಗೋರ್, ಮೊದ್ಲು ಅವ್ರು ಮಾಡ್ಕೊಂಡು ಬಂದಿದ್ದು ಬರೀ ಹಾರ್ಮೋನಿಯಂ ಹಿಡ್ಕೊಂಡು ನಿಧಾನಕ್ಕೆ ಹೇಳೋ ಹಾಡು. ಹೌದು, ಹಾರ್ಮೋನಿಯಂ. ಆಮೇಲೆ ಜೊತೆಗಾರ ಆಲನ್ ವೈಲ್ಡರ್, ಪ್ರೊಡ್ಯೂಸರ್ ಫ್ಲಡ್ ಇಬ್ರೂ ಸೇರಿ ಇದಕ್ಕೆ ಬೀಟ್ ಹಾಕಿ ಓಡ್ಸೋಣ ಅಂದಿದ್ದಕ್ಕೆ ಗೋರ್‌ಗೆ ಮೊದ್ಲು ಮನಸ್ಸೇ ಇರ್ಲಿಲ್ಲವಂತೆ, ಕೊನೆಗೆ ಒಪ್ಪಿದ್ರು, 1990ರಲ್ಲಿ ಸಿಂಗಲ್ ಆಗಿ, ಅಂದ್ರೆ ಆ ಒಂದು ಹಾಡಿಗೇ ಅಂತ ಬೇರೆ ತಟ್ಟೆಯಾಗಿ ಬಂತು, ಬ್ರಿಟನ್ನಲ್ಲಿ 6ನೇ ಸ್ಥಾನ, ಅಮೆರಿಕದಲ್ಲಿ 8ನೇ ಸ್ಥಾನ. "ವಯೊಲೇಟರ್" ಅನ್ನೋ ಆಲ್ಬಂ ತಗೊಂಡ್ರೆ ನಿಮಗೆ ಸಿಗೋದು ಓಡೋ ಹಾಡು ಮಾತ್ರ. ಆ ಹಾರ್ಮೋನಿಯಂ ಹಾಡು ಬೇಕು ಅಂದ್ರೆ ಸಿಂಗಲ್‌ನಲ್ಲೇ ಲಿಮಿಟೆಡ್ ಅಂತ ಕಮ್ಮಿ ಪ್ರತಿ ಬೇರೆ ಬಿಟ್ಟಿದ್ರಲ್ಲ, ಅದನ್ನೇ ಹುಡುಕ್ಬೇಕಿತ್ತು. ನಾನು ಅದನ್ನ ತರ್ಸಿ ಮೊದಲ ಸಲ ಹಾಕಿದಾಗ ಅಮ್ಮ ದೇವರ ಕೋಣೆಯಿಂದ ಇಣುಕಿ ಕೇಳಿದ್ರು, "ಎಂತದೋ ಅದು, ಯಾರ ಮನೆ ಭಜನೆ?" ಬ್ಯಾಸಿಲ್ಡನ್ನಿನೋರಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ.

ಇವರ ತಟ್ಟೆಗಳಿಗೆ ಮ್ಯೂಟ್ ಕಂಪನಿಯೋರು ನಂಬರ್ ಹಾಕೋ ಕ್ರಮಾನೂ ಒಂದು ಚೆಂದ. ಮ್ಯೂಟ್ ಅನ್ನೋದು ಡೇನಿಯಲ್ ಮಿಲ್ಲರ್ 1978ರಲ್ಲಿ ಶುರು ಮಾಡಿದ ಸಣ್ಣ ರೆಕಾರ್ಡ್ ಕಂಪನಿ, ಬ್ಯಾಂಡಿಗೂ ಅವರಿಗೂ ಎಷ್ಟೋ ವರ್ಷ ಕಾಗದ ಪತ್ರ ಏನೂ ಇರ್ಲಿಲ್ಲ, ಕೈಕುಲುಕಿದ್ದೇ ಕರಾರು. 1982ರ "ಲೀವ್ ಇನ್ ಸೈಲೆನ್ಸ್"ನಿಂದ ಇವರ ಸಿಂಗಲ್‌ಗಳಿಗೇ ಬೇರೆ ನಂಬರ್ ಬಂತು, ಬಾಂಗ್ 1, ಬಾಂಗ್ 2 ಅಂತ. ಮುಂದೆ 7 ಇದ್ರೆ ಏಳು ಇಂಚು, 12 ಇದ್ರೆ ಹನ್ನೆರಡು, ಎಲ್ 12 ಅಂದ್ರೆ ಲಿಮಿಟೆಡ್, ನಮ್ಮ ಹಾಡಿಗೆ ಅದೂ ಸಾಲದೆ ಎಕ್ಸ್‌ಎಲ್ 12 ಬಾಂಗ್ 18 ಅಂತ ಒಂದು, ಅದರಲ್ಲಿ ಅದೇ ಹಾಡನ್ನ ಎಳೆದು ಎಳೆದು ಹದಿನೈದು ನಿಮಿಷ ಮಾಡಿದಾರೆ, ಶರ್ಟಿನ ಸೈಜ್ ಥರ ಇದೆ ಅಂತ ನನ್ನ ಮಗಳು ನಗ್ತಾಳೆ. ಅಲ್ಲಿಗೆ ಬ್ರಿಟನ್ನಿಂದಲೇ ನಾಲ್ಕು ತಟ್ಟೆ ಆಯ್ತಲ್ಲ, ಉಳಿದ ಐದು ಬೇರೆ ದೇಶದ್ದು.

ಬೇರೆ ದೇಶದ್ದು ಎಂತಕೆ ಅಂದ್ರೆ, ಪ್ರತಿ ದೇಶದ ಕಂಪನಿಯೋರು ತಮ್ಮ ತಲೆ ಓಡಿಸ್ತಾರೆ. 1986ರಲ್ಲಿ ಬ್ರಿಟನ್ನಲ್ಲಿ "ಸ್ಟ್ರಿಪ್ಡ್" ಅನ್ನೋದು ಮುಖ್ಯ ಹಾಡು, "ಬಟ್ ನಾಟ್ ಟುನೈಟ್" ಹಿಂದಿನ ಮಗ್ಗುಲಲ್ಲಿ. ಅಮೆರಿಕದಲ್ಲಿ ಅದನ್ನ ಮಗುಚಿ ಹಾಕಿದ್ರು, ಒಂದು ಸಿನಿಮಾಕ್ಕೆ ತಗೊಂಡಿದ್ರು ಅಂತ ಹಿಂದಿಂದೇ ಮುಂದೆ ಬಂತು. "ಲಿಟಲ್ 15" 1988ರಲ್ಲಿ ಬಂದಿದ್ದೇ ಫ್ರಾನ್ಸಿಗೆ ಅಂತ. ಜರ್ಮನಿಯೋರು ಹನ್ನೆರಡು ಇಂಚಿಂದನ್ನ ಬಣ್ಣಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಒತ್ತಿಸ್ತಿದ್ರು, ಅಲ್ಲಿ ಇವರನ್ನ ಕಂಡ್ರೆ ಪ್ರಾಣ, 1984ರಲ್ಲಿ "ಪೀಪಲ್ ಆರ್ ಪೀಪಲ್" ಪಶ್ಚಿಮ ಜರ್ಮನಿಲಿ ಒಂದನೇ ಸ್ಥಾನಕ್ಕೇ ಹೋಗಿತ್ತು. ಇನ್ನು ಬರ್ಲಿನ್ ಗೋಡೆಯ ಆ ಕಡೆ, ಪೂರ್ವ ಜರ್ಮನಿಲಿ ಸರ್ಕಾರದ್ದೇ ಅಮಿಗಾ ಅನ್ನೋ ರೆಕಾರ್ಡ್ ಕಂಪನಿ 1987ರಲ್ಲಿ ಇವರದೊಂದು ಎಲ್‌ಪಿ, ಅಂದ್ರೆ ತುಂಬ ಹಾಡಿರೋ ದೊಡ್ಡ ತಟ್ಟೆ ತಂತು, ಅದು ಸಿಂಗಲ್ಲೂ ಅಲ್ಲ, ನಾಲ್ಕು ಹಾಡಿನ ಸಣ್ಣ ತಟ್ಟೆ ಇಪಿನೂ ಅಲ್ಲ, ನನ್ನ ಲೆಕ್ಕಕ್ಕೆ ಬರೋದೇ ಇಲ್ಲ, ಆದ್ರೂ ತಗೊಂಡೆ, ಬಿಡಕ್ಕಾಗತ್ತಾ, ಮರುವರ್ಷ ಮಾರ್ಚಿನಲ್ಲಿ ಇವರು ಪೂರ್ವ ಬರ್ಲಿನ್ನಿಗೇ ಹೋಗಿ ಹಾಡಿ ಬಂದಿದಾರೆ. 2018ರಿಂದ ಹನ್ನೆರಡು ಇಂಚಿನ ಸಿಂಗಲ್‌ಗಳನ್ನೆಲ್ಲ ಆಲ್ಬಂವಾರು ಪೆಟ್ಟಿಗೆ ಮಾಡಿ ಮತ್ತೆ ಬಿಟ್ರಲ್ಲ, ಅದನ್ನ ತಗೊಂಡ್ರೆ ಸಾಲ್ದಾ ಅಂತ ಕೇಳ್ತಾರೆ. ಕೇಳೋರಿಗೆ ಸಾಕು. ಒಂದು ಹಾಡು ಯಾವ್ಯಾವ ಊರಿಗೆ ಹೋಗಿ ಏನೇನು ವೇಷ ಹಾಕ್ತು ಅಂತ ನೋಡೋರಿಗೆ ಸಾಲಲ್ಲ.

ಅಮೆರಿಕದ ಏಳು ಇಂಚಿನ ತಟ್ಟೆ ಬಂದಾಗ ಇನ್ನೊಂದು ಪಜೀತಿ ಆಯ್ತು. ನಮ್ಮಲ್ಲಿ ತಟ್ಟೆ ಮಧ್ಯ ಪೆನ್ಸಿಲ್ ಹೋಗೋವಷ್ಟು ತೂತು, ಅವ್ರದ್ದು ಒಂದೂವರೆ ಇಂಚಿಂದು, ಮೂರು ಬೆರಳು ಹೋಗತ್ತೆ. ಅದಕ್ಕೆ ಅಡಾಪ್ಟರ್ ಅಂತ ಒಂದು ಬಿಲ್ಲೆ ಬರತ್ತೆ, ಅದನ್ನ ಹೊರಗಿಂದ ತರಿಸೋ ಬದಲು ನಮ್ಮ ಬೀದಿ ಆಚಾರ್ರ ಹತ್ರ ಹೋಗಿ ಹಲಸಿನ ಹಲಗೆ ತುಂಡಲ್ಲಿ ಒಂದು ಮಾಡ್ಸಿದೆ. ನೋಡಕ್ಕೆ ಬಾಳ ಚಂದ, ಹಳದಿ ಬಣ್ಣ, ನುಣ್ಣಗೆ. ಹಾಕಿ ಕೇಳಿದ್ರೆ ಹಾಡುವವನು ಉಯ್ಯಾಲೆ ಮೇಲೆ ಕೂತು ಹಾಡ್ತಿದಾನೆ, ಒಂದ್ಸಲ ಮೇಲೆ ಒಂದ್ಸಲ ಕೆಳಗೆ. ನಡುವಿನ ತೂತು ಕೂದಲೆಳೆಯಷ್ಟು ಆಚೆ ಬಿದ್ದಿತ್ತು ಅಷ್ಟೆ, ಅಷ್ಟಕ್ಕೇ ತಟ್ಟೆ ವಾಲಾಡ್ತಾ ತಿರುಗಿ ಶ್ರುತಿ ಎಲ್ಲ ಹೋಯ್ತು. ಆಚಾರ್ರೂ ಬಂದು ಕೂತು ಕೇಳಿದ್ರು, ಅವರಿಗೆ ಇಂಗ್ಲಿಷ್ ಹಾಡು ಕಟ್ಕೊಂಡು ಏನಾಗ್ಬೇಕು, ಆದ್ರೆ ತಮ್ಮ ಕೆಲಸ ವಾಲಿದ್ದು ಕಿವಿಗೇ ಗೊತ್ತಾಗಿ ಒಂಥರಾ ಆಯ್ತು ಅವರಿಗೆ. ಮೂರನೇ ಬಿಲ್ಲೆ ಸರಿ ಬಂತು, ದುಡ್ಡು ಮಾತ್ರ ಒಂದಕ್ಕೇ ತಗೊಂಡ್ರು.

ಮಲೆನಾಡಲ್ಲಿ ತಟ್ಟೆ ಇಟ್ಕೊಳ್ಳೋದು ಅಂದ್ರೆ ಮಳೆ ಜೊತೆ ಜಗಳ. ಆಗುಂಬೆ ಕಡೆಯಿಂದ ಜೂನಲ್ಲಿ ಹಿಡಿದ ಮಳೆ ಬಿಡೋ ಹೊತ್ತಿಗೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಂ ಎಲ್ಲದಕ್ಕೂ ಬೂಸ್ಟು, ರೆಕಾರ್ಡಿನ ಕವರ್ ಅಂತೂ ಕಾಗದ ತಾನೆ. ತಟ್ಟೆಗೆ ಬಂದ ಬೂಸ್ಟನ್ನ ಮೆತ್ತಗಿನ ಬಟ್ಟೇಲಿ ಒರೆಸ್ಬೋದು, ನಡುವಿನ ಕಾಗದದ ಲೇಬಲ್ಲಿಗೆ ಕೂತಿದ್ದು ಹೋಗಲ್ಲ. ಒಂದು ವರ್ಷ ಸೆಪ್ಟೆಂಬರಲ್ಲಿ ಎರಡು ದಿನ ಒಳ್ಳೇ ಬಿಸಿಲು ಬಂದಿದ್ದು ನೋಡಿ ಅಮ್ಮ ಪಾಪ ನನಗೆ ಉಪಕಾರ ಆಗ್ಲಿ ಅಂತ ಹಾಸಿಗೆ ದಿಂಬಿನ ಜೊತೆ ಆರು ತಟ್ಟೆ ಅಂಗಳದಲ್ಲಿ ಹರಡಿಟ್ಟಿದ್ರು. ನಾನು ಆಫೀಸಿಂದ ಬರೋ ಹೊತ್ತಿಗೆ ಆರೂ ದೊನ್ನೆ ಆಗಿತ್ತು. ಜರ್ಮನಿಯ ಬಣ್ಣದ್ದೊಂದೂ ಅದರಲ್ಲಿ. ಬೈಯೋಕೆ ಆಗತ್ತಾ, ಅವರು ಮಾಡಿದ್ದು ಬೂಸ್ಟು ಹೋಗ್ಲಿ ಅಂತ. ಈಗ ಅವೆಲ್ಲ ಅಡುಗೆಮನೆಗೆ ಅಂಟಿದ ಕೋಣೇಲಿ, ಒಲೆ ಶಾಖ ಬರೋ ಗೋಡೆಯಿಂದ ಎರಡಡಿ ದೂರ, ನೆಟ್ಟಗೆ ನಿಲ್ಸಿಟ್ಟಿದೀನಿ. ಹೊರದೇಶದಿಂದ ಪಾರ್ಸೆಲ್ ಬಂದಾಗ ಕಟ್ಟೋ ಸುಂಕದ ಕತೆ ಬೇಡ ಬಿಡಿ, ಒಂದ್ಸಲ ತಟ್ಟೆಗೆ ಕೊಟ್ಟಷ್ಟೇ ಸುಂಕಕ್ಕೂ ಕೊಟ್ಟಿದೀನಿ, ಹೆಂಡ್ತಿ ಈ ಪೇಪರ್ ಓದ್ತಾಳೆ.

ಇನ್ನು ಮಾವನ ವಿಷಯ. ನಮ್ಮ ಸೋದರಮಾವಂದು ತೀರ್ಥಹಳ್ಳಿ ಕಡೆ ಮೈಕ್‌ಸೆಟ್ ಇತ್ತು. ಮದುವೆ, ಉಪನಯನ, ಎಳ್ಳಮಾಸೆ ಜಾತ್ರೆ ಎಲ್ಲದಕ್ಕೂ ಅವರದ್ದೇ ಹಾರ್ನು, ಆಂಪ್ಲಿಫಯರು, ಒಂದು ತಗಡಿನ ಪೆಟ್ಟಿಗೆ ತುಂಬ ಕನ್ನಡ ಸಿನಿಮಾ ಇಪಿಗಳು. ಏಳು ಇಂಚು, 45 ಸ್ಪೀಡು, ಮಗ್ಗುಲಿಗೆ ಎರಡು ಹಾಡು, ಕವರ್ ಮೇಲೆ ರಾಜ್‌ಕುಮಾರ್ ನಗ್ತಿದ್ರು, ನಾಯಿ ಕೂತು ಕೇಳೋ ಎಚ್‌ಎಂವಿ ಲೇಬಲ್ಲು, ಕಲ್ಕತ್ತದ ಡಮ್‌ಡಮ್‌ನಲ್ಲಿ ಒತ್ತಿ ಬಂದಿದ್ದು. ಇಪಿ ಇಪಿ ಅಂತ ನಾನು ಈಗ ದೊಡ್ಡದಾಗಿ ಹೇಳ್ತೀನಲ್ಲ, ಆ ಮಾತು ಕೇಳಿದ್ದೇ ಮಾವನ ಬಾಯಲ್ಲಿ. ಲೇಬಲ್ ಮೇಲೆ ಬಾಲ್‌ಪೆನ್ನಲ್ಲಿ ಮಾವ ಬರೆದಿಡ್ತಿದ್ರು, ಒಂದರ ಮೇಲೆ "ದಿಬ್ಬಣ", ಒಂದರ ಮೇಲೆ "ಊಟದ ಹೊತ್ತಿಗೆ", ಒಂದರ ಮೇಲೆ "2ನೇದು ಹಾಕ್ಬಾರ್ದು". ಹಾಕ್ಬಾರ್ದು ಅಂದಿದ್ದು ಎಂತಕೆ ಅಂದ್ರೆ ಅದು ವಿರಹದ ಹಾಡು, ಯಾವುದೋ ಮದುವೇಲಿ ಧಾರೆ ಹೊತ್ತಿಗೆ ಅದು ಶುರುವಾಗಿ ಹುಡುಗಿ ಕಡೆಯೋರು ರಂಪ ಮಾಡಿದ್ರಂತೆ.

ಕ್ಯಾಸೆಟ್ ಬಂದ್ಮೇಲೆ ಆ ಪೆಟ್ಟಿಗೆ ಅಟ್ಟ ಸೇರ್ತು. ಮಾವ ತೀರಿಕೊಂಡ ವರ್ಷ ಮನೆ ರಿಪೇರಿ ಮಾಡೋವಾಗ ಗುಜರಿಯವನಿಗೆ ತೂಕಕ್ಕೆ ಹಾಕಿದ್ರು. ನಾನು ಆಗ ಏನು ಮಾಡ್ತಿದ್ದೆ ಕೇಳಿ, ಜರ್ಮನಿಯ ಒಂದು ತಟ್ಟೆ ಒಳಸುತ್ತಿನಲ್ಲಿ ಗೀಚಿದ ನಂಬರು ಬ್ರಿಟನ್ನಿನದಕ್ಕೆ ತಾಳೆ ಆಗತ್ತಾ ಅಂತ ಟಾರ್ಚ್ ಬಿಟ್ಕೊಂಡು ನೋಡ್ತಾ ಕೂತಿದ್ದೆ, ಇಪ್ಪತ್ತು ಕಿಲೋಮೀಟರ್ ಆಚೆ. ಗೊತ್ತಾಗಿ ಓಡೋ ಹೊತ್ತಿಗೆ ಗುಜರಿ ಅಂಗಡೀಲಿ ಹನ್ನೊಂದು ಉಳಿದಿತ್ತು. ಅದರಲ್ಲಿ ಎರಡು ಸೀಳಿದೆ. "ಊಟದ ಹೊತ್ತಿಗೆ" ಇದೆ, "ದಿಬ್ಬಣ" ಹೋಯ್ತು.

ನಾನು ಹೇಳೋದು ಇಷ್ಟೇ ಸಂಪಾದಕರೇ. ಬ್ಯಾಸಿಲ್ಡನ್ ಹುಡುಗ್ರ ಒಂದು ಹಾಡು ಯಾವ ದೇಶದಲ್ಲಿ ಯಾವ ನಂಬರಲ್ಲಿ ಎಷ್ಟು ನಿಮಿಷಕ್ಕೆ ಬಂತು ಅಂತ ತೀರ್ಥಹಳ್ಳಿಲಿ ಕೂತು ನನಗೆ ಬಾಯಿಪಾಠ, ಎಂತಕೆ ಅಂದ್ರೆ ಅಲ್ಲಿಯ ಅಭಿಮಾನಿಗಳು ತಟ್ಟೆ ತಟ್ಟೆ ತಿರುವಿ ಬರೆದಿಟ್ಟಿದಾರೆ. ನಮ್ಮ ಇಪಿಗಳಲ್ಲೂ ಅದೇ ಥರದ ಮಜಾ ಉಂಟು, ಸಿನಿಮಾದಲ್ಲಿ ಇರೋ ಒಂದು ಚರಣ ತಟ್ಟೇಲಿ ಇರಲ್ಲ, ಮೊದಲು ಒತ್ತಿದ್ದರ ಕವರೇ ಬೇರೆ ಆಮೇಲೆ ಒತ್ತಿದ್ದರ ಕವರೇ ಬೇರೆ, ಅದನ್ನೆಲ್ಲ ಜೋಡಿಸಿ ನೋಡೋಕೆ ಎರಡು ಪ್ರತಿ ಪಕ್ಕಪಕ್ಕ ಬೇಕು, ಅವು ಕಿಲೋ ಲೆಕ್ಕದಲ್ಲಿ ಹೋಗ್ತಿವೆ. ನಿಮ್ಮ ಪುರವಣಿಯೋರು ನನ್ನಂಥೋನ ನೋಡಿ ನಗ್ಲಿ, ತೊಂದ್ರೆ ಇಲ್ಲ, ಆದ್ರೆ ಇನ್ನೊಂದು ಭಾನುವಾರ ಅದೇ ಪುಟದಲ್ಲಿ ಊರೂರಿನ ಹಳೇ ಮೈಕ್‌ಸೆಟ್‌ನೋರನ್ನ ಮಾತಾಡ್ಸಿ. ಅವರ ಪೆಟ್ಟಿಗೆಲಿ ಏನಿದೆ, ಲೇಬಲ್ ಮೇಲೆ ಪೆನ್ನಲ್ಲಿ ಏನು ಬರ್ಕೊಂಡಿದಾರೆ, ಫೋಟೋ ಸಮೇತ ಹಾಕಿ. ಅಟ್ಟದ ಮೇಲೆ ಪೆಟ್ಟಿಗೆ ಇರೋ ಓದುಗರಿಗೂ ಒಂದು ಮಾತು, ಗುಜರಿಗೆ ಹಾಕೋದೇ ಆದ್ರೆ ಹಾಕೋಕೆ ಮುಂಚೆ ಒಂದೊಂದರ ಎರಡೂ ಮಗ್ಗುಲು ಮೊಬೈಲಲ್ಲಿ ಫೋಟೋ ತೆಕ್ಕೊಳ್ಳಿ, ಲೇಬಲ್ ನಂಬರ್ ಓದೋ ಹಾಗಿರ್ಲಿ, ಒಂದು ಪೆಟ್ಟಿಗೆಗೆ ಅರ್ಧ ಗಂಟೆ ಕೆಲಸ. ಬಿಸಿಲಿಗೆ ಮಾತ್ರ ಇಡ್ಬೇಡಿ.

ಮತ್ತೆ ಯಾರ ಹತ್ರ ಆದ್ರೂ ದೊಡ್ಡ ತೂತಿನ ತಟ್ಟೆ ಇದ್ದು ಹಾಕಕ್ಕಾಗ್ದೆ ಸುಮ್ನೆ ಇಟ್ಕೊಂಡಿದ್ರೆ ಪತ್ರಿಕೆಗೆ ಒಂದು ಕಾರ್ಡ್ ಹಾಕಿ, ಸಂಪಾದಕರು ನನಗೆ ತಲುಪಿಸಿದ್ರೆ ಆಚಾರ್ರ ಹತ್ರ ಹಲಸಿನ ಬಿಲ್ಲೆ ಮಾಡ್ಸಿ ಕಳಿಸ್ತೀನಿ. ಅವರ ಕೈ ಈಗ ಕೂತಿದೆ, ವಾಲಲ್ಲ.

ಇಂತಿ,
ನಿಮ್ಮ ಹಳೇ ಓದುಗ,
ತೀರ್ಥಹಳ್ಳಿ