ಹಕ್ಕಳೆಗೆ ಬ್ಯಾರಲ್ ರಾಸಾಯನಿಕವೊಂದೇ ಮದ್ದಲ್ಲ

ಸಂಪಾದಕರಿಗೆ,

ಕಲ್ಲಿದ್ದಲಿನ ಹೊಗೆಯಿಂದ ಗಂಧಕ ತೊಳೆಯುವ ಎಫ್‌ಜಿಡಿ ಘಟಕದ ಮಾತು ಬಂದಾಗಲೆಲ್ಲ ‘ಅದು ಹಕ್ಕಳೆ ಕಟ್ಟಿ ನಿಂತುಬಿಡುತ್ತದೆ’ ಎನ್ನುವವರಿದ್ದಾರೆ. ಉಷ್ಣ ವಿದ್ಯುತ್ ಸ್ಥಾವರಗಳ ಹೊಗೆಯಲ್ಲಿನ ಗಂಧಕದ ಅನಿಲಕ್ಕೆ ಮಿತಿ ಹಾಕಿದ 2015ರ ಡಿಸೆಂಬರ್‌ನ ನಿಯಮವನ್ನು ಕೇಂದ್ರವು 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಸಡಿಲಿಸಿದ್ದು ಅವರಿಗೆ ಅನುಕೂಲವೇ ಆಗಿದೆ. ಹಕ್ಕಳೆ ಕಟ್ಟುವುದು ಸುಳ್ಳಲ್ಲ, ಆದರೆ ಅದನ್ನು ತಡೆಯಲು ಬರುತ್ತದೆ.

ಧಾರವಾಡದ ಕಡೆ ಬೋರ್ ನೀರು ಕಾಯಿಸುವ ಹಂಡೆಯ ಬಿಳಿ ಹಕ್ಕಳೆ ಹುಣಸೆಹುಳಿಗೆ ಬಿಡುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣಕಲ್ಲಿನ ಪುಡಿ ಕಲಸಿದ ನೀರು (ಸ್ಲರಿ) ಸಿಂಪಡಿಸಿ ಹೊಗೆ ತೊಳೆಯುವ ಸ್ಕ್ರಬ್ಬರ್‌ನಲ್ಲಿ ಮೆತ್ತುವ ಕ್ಯಾಲ್ಸಿಯಂ ಸಲ್ಫೈಟ್ ಕೂಡ ಪಿಎಚ್ ಇಳಿಸಿದರೆ, ಅಂದರೆ ಹುಳಿ ಹೆಚ್ಚಿಸಿದರೆ, ಕರಗುತ್ತದೆ. ಸಲ್ಫೈಟ್ ಆಮ್ಲಜನಕ ಸೇರಿ ಸಲ್ಫೇಟ್ ಆದಾಗ ಹುಟ್ಟುವ ಜಿಪ್ಸಂ ಮಾತ್ರ ಹುಳಿಗೆ ಜಗ್ಗುವುದಿಲ್ಲ. ಘಟಕ ನಿಲ್ಲಿಸಿ ಉಳಿ-ಸುತ್ತಿಗೆಯಿಂದ ಕೆತ್ತಬೇಕು.

ಸಲ್ಫೈಟ್‌ನ ಈ ಆಕ್ಸಿಡೇಶನ್ ಸುಮಾರು ಶೇ 15ರೊಳಗಿದ್ದರೆ ಉಂಟಾದ ಸಲ್ಫೇಟ್ ಸಲ್ಫೈಟ್ ಹರಳಿನೊಳಗೇ ಸೇರಿಹೋಗುತ್ತದೆ. ಶೇ 95 ದಾಟಿದರೆ ಸ್ಲರಿಯಲ್ಲಿ ಬೀಜದ ಹರಳುಗಳು ಬೇಕಾದಷ್ಟಿದ್ದು, ಜಿಪ್ಸಂ ಗೋಡೆ ಬಿಟ್ಟು ಅವುಗಳ ಮೇಲೆಯೇ ಬೆಳೆಯುತ್ತದೆ. ನಡುವೆ ಸಿಕ್ಕಿಕೊಂಡರೆ ಕೆಟ್ಟಿತು. ಮೊದಲ ಬಗೆಯ ಘಟಕಕ್ಕೆ ಆಕ್ಸಿಡೇಶನ್ ತಡೆಯುವ ಥಯೋಸಲ್ಫೇಟ್ ಬೇಕು. ಗಂಧಕದ ಎಮಲ್ಷನ್ ಹಾಕಿದರೆ ಸ್ಲರಿಯಲ್ಲೇ ಅದು ತಯಾರಾಗುತ್ತದೆ. ಆಕ್ಸಿಡೇಶನ್ ಹೆಚ್ಚಿಸಲು ಬ್ಲೋವರ್‌ನಿಂದ ಗಾಳಿ ಊದುವ ಎರಡನೇ ಬಗೆಯ ಘಟಕಕ್ಕೆ ಅದನ್ನೇ ಸುರಿದರೆ ಊದಿದ ಗಾಳಿ ದಂಡ. ಇದು ತಿಳಿಯದೆ ಖರೀದಿ ಆದೇಶ ಬರೆಯಬಾರದು.

ಅಡಿಪಿಕ್‌ನಂಥ ಡೈಬೇಸಿಕ್ ಆಮ್ಲ ಹಕ್ಕಳೆಯನ್ನು ನೇರವಾಗಿ ತಡೆಯುವುದಿಲ್ಲ, ಪಿಎಚ್ ಏರಿಳಿತ ತಗ್ಗಿಸುತ್ತದೆ. ಆಗ ಕಡಿಮೆ ಪಿಎಚ್‌ನಲ್ಲಿ ನಡೆಸಿದರೂ ಗಂಧಕ ಹಿಡಿಯುವುದು ಕುಗ್ಗುವುದಿಲ್ಲ, ಸುಣ್ಣಕಲ್ಲಿನ ಪುಡಿಯೂ ಚೆನ್ನಾಗಿ ಕರಗುತ್ತದೆ. ಪಿಎಚ್ 6 ದಾಟಿದರೆ ಕರಗದ ಪುಡಿ ಹನಿಯೊಂದಿಗೆ ಮೇಲೇರಿ ಹೊಗೆಯಲ್ಲಿನ ಹನಿ ಹಿಡಿದಿಡುವ ಮಿಸ್ಟ್ ಎಲಿಮಿನೇಟರ್‌ನ ಪಟ್ಟಿಗಳಿಗೆ ಅಂಟಿ, ಉಳಿದ ಗಂಧಕದ ಅನಿಲ ಹೀರಿ ಅಲ್ಲೇ ಗಟ್ಟಿಯಾಗುತ್ತದೆ. ಪಿಎಚ್ ಮೀಟರಿನ ಕಡ್ಡಿಗೂ ಇದೇ ಮೆತ್ತಿ ತಪ್ಪು ಅಂಕಿ ತೋರುವುದುಂಟು. ಕೈಮೀಟರಿನಿಂದ ತಾಳೆ ನೋಡುತ್ತಿರಬೇಕು.

ಪಾಲಿಅಕ್ರಿಲೇಟ್, ಫಾಸ್ಫೊನೇಟ್ ಜಾತಿಯ, ಹಕ್ಕಳೆ ತಡೆಯುವ ರಾಸಾಯನಿಕಗಳು ಲೀಟರಿಗೆ ಕೆಲವೇ ಮಿಲಿಗ್ರಾಂ ಸಾಕು. ಅವನ್ನು ಸೇರಿಸಬೇಕಾದ್ದು ಎಲಿಮಿನೇಟರ್ ತೊಳೆಯುವ ನೀರಿಗೆ. ಸ್ಲರಿ ಟ್ಯಾಂಕಿಗೆ ಸುರಿದರೆ ಅಲ್ಲಿನ ಹರಳುಗಳೇ ಹೀರಿಕೊಳ್ಳುತ್ತವೆ. ಹೆಚ್ಚಾದರಂತೂ ಜಿಪ್ಸಂ ನುಣ್ಣಗಾಗಿ ಫಿಲ್ಟರ್ ಬೆಲ್ಟ್ ಮೇಲೆ ನೀರು ಬಿಡದೆ ರಾಡಿಯಾಗುತ್ತದೆ.

ಎಲಿಮಿನೇಟರ್‌ನಲ್ಲಿ ಅನಿಲದ ಒತ್ತಡದ ವ್ಯತ್ಯಾಸ ದಿನೇ ದಿನೇ ಏರುತ್ತಿದ್ದರೆ ಮೊದಲು ನಾಝಲ್ ಕಟ್ಟಿದೆಯೇ, ತೊಳೆಯುವ ನೀರಿನ ಒತ್ತಡ ಬಿದ್ದಿದೆಯೇ, ಆ ನೀರು ಶುದ್ಧವೋ ಜಿಪ್ಸಂ ತುಂಬಿದ ಮರುಬಳಕೆಯದೋ ನೋಡಿ. ಬ್ಯಾರಲ್ ತರಿಸುವುದು ಆಮೇಲೆ.

– ಸ್ಥಾವರ ರಸಾಯನ ವಿಭಾಗದ ನಿವೃತ್ತ ನೌಕರರು, ಧಾರವಾಡ