ಕಾರ್ಡ್ ಪ್ರೋಗ್ರಾಮರ್ ಕೊಂಡ ಮಾತ್ರಕ್ಕೆ ನಾನು ಕಳ್ಳನಲ್ಲ

ಟ್ಯಾಂಪಾ, ಫ್ಲಾರಿಡಾ
ಸೆಪ್ಟೆಂಬರ್ 2004

ಇವರಿಗೆ,
ಮುಖ್ಯಸ್ಥರು, ಇತ್ಯರ್ಥ ವಿಭಾಗ, ಉಪಗ್ರಹ ಟಿವಿ ಕಂಪನಿ

ವಿಷಯ: ನಿಮ್ಮ ಟಿವಿ ಸಿಗ್ನಲ್ ಕದ್ದೆನೆಂದು 3,500 ಡಾಲರ್ ಕಟ್ಟಬೇಕೆಂಬ ನಿಮ್ಮ ಮೂರನೇ ನೋಟಿಸ್ ಮತ್ತು ನಿಮ್ಮ ಪ್ರತಿನಿಧಿಯ ವರ್ತನೆ

ಮಾನ್ಯರೇ,

ಇಂಗ್ಲಿಷಿನಲ್ಲಿ ಎರಡು ಪತ್ರ ಬರೆದೆ, ಐದು ಸಲ ಫೋನ್ ಮಾಡಿದೆ. ಉತ್ತರ ಬರಲಿಲ್ಲ, ಮೂರನೇ ನೋಟಿಸ್ ಬಂತು. ಹಾಗಾಗಿ ಈ ಸಲ ನನ್ನ ಭಾಷೆಯಲ್ಲೇ ಬರೆಯುತ್ತಿದ್ದೇನೆ, ಇಂಗ್ಲಿಷ್ ಪ್ರತಿ ಜೊತೆಗಿದೆ. ಹಾಸನದಿಂದ ಬಂದಿರುವ ನಮ್ಮಪ್ಪ ಇದನ್ನು ಓದಬೇಕು. ನಿಮ್ಮವರು ಆಡಿದ ಮಾತು ಅವರ ಕಿವಿಗೂ ಬಿದ್ದಿದೆ.

2001ರ ಫೆಬ್ರವರಿಯಲ್ಲಿ ನಾನು ಸ್ಮಾರ್ಟ್ ಕಾರ್ಡ್ ಪ್ರೋಗ್ರಾಮರ್ ಕೊಂಡದ್ದು ನಿಜ. ಪಾಸ್‌ವರ್ಡ್ ಬದಲು ಕಾರ್ಡ್ ತೂರಿಸಿ ಕಂಪ್ಯೂಟರಿಗೆ ಲಾಗಿನ್ ಆಗುವ ವ್ಯವಸ್ಥೆ ಮಾಡುವುದು ಆಗ ನನ್ನ ಕೆಲಸವಾಗಿತ್ತು. ಐಎಸ್‌ಒ 7816 ಎಂಬ ಅಂತರರಾಷ್ಟ್ರೀಯ ಮಾನದಂಡದ ಕಾರ್ಡುಗಳನ್ನು ಓದುವ, ಅವುಗಳ ಚಿಪ್ಪಿಗೆ ಮಾಹಿತಿ ಬರೆಯುವ ಪುಟ್ಟ ಪೆಟ್ಟಿಗೆ ಅದು. ಮೊಬೈಲಿನ ಸಿಮ್ಮು, ಆಫೀಸಿನ ಗುರುತಿನ ಕಾರ್ಡು, ಡಿಶ್ ಟಿವಿ ಪೆಟ್ಟಿಗೆಗೆ ಹಾಕುವ ಟಿವಿ ಕಾರ್ಡು ಎಲ್ಲದರ ಮೈಮೇಲೂ ಅದೇ ಚಿನ್ನದ ಬಣ್ಣದ ಚಿಪ್ಪು. ಕೆಟ್ಟು ಕೂತ ಟಿವಿ ಕಾರ್ಡನ್ನು ಮತ್ತೆ ಎಬ್ಬಿಸಲು ಸಿಗ್ನಲ್ ಕಳ್ಳರು ಬಳಸುವ ಅನ್‌ಲೂಪರ್ ಬೇರೆ, ಇದು ಬೇರೆ. ಈ ವ್ಯತ್ಯಾಸ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದರೂ ಇದನ್ನು ಮಾರಿದ ಅಂಗಡಿಯವರ ಗಿರಾಕಿ ಪಟ್ಟಿಯಲ್ಲಿ ಹೆಸರು ಕಂಡಿತು ಅನ್ನುವುದೊಂದೇ ನಿಮ್ಮ ಸಾಕ್ಷಿ.

ಆಗಸ್ಟಿನ ಆ ಕರೆಯ ವಿಷಯಕ್ಕೆ ಬರುತ್ತೇನೆ. ನಲವತ್ತು ನಿಮಿಷ ಕಾಯಿಸಿದ ಮೇಲೆ ನಿಮ್ಮ ಪ್ರತಿನಿಧಿ ಲೈನಿಗೆ ಬಂದರು. ಕೈ ಸೋತು ಫೋನನ್ನು ಸ್ಪೀಕರಿಗೆ ಹಾಕಿದ್ದೆ, ಅಪ್ಪ ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದರು. ಹೆಸರು ಹೇಳಿದೆ. ಮೂರು ಸಲ ತಪ್ಪಾಗಿ ಕರೆದು, "ಇರಲಿ ಬಿಡಿ, ಫೈಲ್ ನಂಬರ್ ಹೇಳಿ" ಅಂದರು. ನಮ್ಮ ಮನೆಯಲ್ಲಿ ಡಿಶ್ಶೇ ಇಲ್ಲ, ಕೇಬಲ್ ಇದೆ, ಬಿಲ್ಲುಗಳನ್ನು ಕಳಿಸಿದ್ದೇನೆ ಅಂದೆ. ಬಾಲ್ಕನಿಯ ಫೋಟೋ ಕಳಿಸಿದ್ದನ್ನೂ ನೆನಪಿಸಿದೆ. "ಫೋಟೋ ತೆಗೆಯುವ ಮೊದಲು ಡಿಶ್ ಇಳಿಸಿರಬಹುದಲ್ಲ?" ಅಂದರು. ಕೆಲಸಕ್ಕೆ ಕೊಂಡದ್ದು, ನಮ್ಮ ಮ್ಯಾನೇಜರ್ ಪತ್ರ ಕೊಡುತ್ತಾರೆ ಅಂದೆ. "ಎಲ್ಲರೂ ಹಾಗೇ ಹೇಳೋದು" ಅಂದರು. ನಾನು ಕದ್ದು ನೋಡಿದ ಒಂದೇ ಒಂದು ದಿನದ ದಾಖಲೆ ತೋರಿಸಿ ಅಂದೆ. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಆಗಲೇ ಬರೆದಿಟ್ಟುಕೊಂಡಿದ್ದೇನೆ: "ನಿಮ್ಮ ವಕೀಲರಿಗೆ ನೀವು ಕೊಡೋ ದುಡ್ಡು ನಾವು ಕೇಳ್ತಿರೋದಕ್ಕಿಂತ ಜಾಸ್ತಿ ಆಗುತ್ತೆ. ಲೆಕ್ಕ ನೀವೇ ಹಾಕಿ." ಆಮೇಲೆ ಸ್ವಲ್ಪ ತಡೆದು, "ನಿಮ್ಮ ದೇಶದಲ್ಲಿ ಇದನ್ನೆಲ್ಲ ಕಳ್ಳತನ ಅನ್ನಲ್ವೇನೋ" ಅಂದರು.

ಅಪ್ಪನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತದೆ. ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವರು. ಲೋಟ ಕೆಳಗಿಟ್ಟು, "ಏನು ಕದ್ದೆ ಅಂತಾನೆ?" ಅಂದರು. ಆ ಪ್ರಶ್ನೆಗೆ ಉತ್ತರ ಕೊಡುವ ಪರಿಸ್ಥಿತಿಗೆ ನನ್ನನ್ನು ತಂದವರು ನೀವು. ಇದನ್ನು ನಾನು ಮರೆಯುವುದಿಲ್ಲ.

ಪ್ರತಿ ನೋಟಿಸಿನಲ್ಲೂ 10,000 ಡಾಲರ್ ದಂಡದ ಕಲಂ ಬರೆದು ಹೆದರಿಸುತ್ತೀರಿ. ಅಟ್ಲಾಂಟಾದ 11ನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಇದೇ ಜೂನ್ 15ರಂದು ಕೊಟ್ಟ ತೀರ್ಪನ್ನು ಮಾತ್ರ ಬರೆಯುವುದಿಲ್ಲ. ಕದ್ದಾಲಿಕೆ ತಡೆಯುವ ಫೆಡರಲ್ ಕಾನೂನಿನ 2512ನೇ ಕಲಮಿನ ಪ್ರಕಾರ ಉಪಕರಣ ಇಟ್ಟುಕೊಂಡ ಮಾತ್ರಕ್ಕೆ ಖಾಸಗಿ ಕಂಪನಿ ಯಾರ ಮೇಲೂ ಪರಿಹಾರದ ದಾವೆ ಹೂಡುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಫ್ಲಾರಿಡಾ ಆ ನ್ಯಾಯಾಲಯದ ವ್ಯಾಪ್ತಿಗೇ ಬರುತ್ತದೆ. ಇದನ್ನು ಮುಚ್ಚಿಟ್ಟು, ಜನ ವಕೀಲರ ಖರ್ಚಿಗೆ ಹೆದರಿ ಚೆಕ್ ಬರೆಯಲಿ ಎಂದು ಕಾಯುವುದು ವಸೂಲಿ ದಂಧೆ. ಇದಕ್ಕಿಂತ ಮೆತ್ತಗಿನ ಪದ ನನಗೆ ಸಿಗುತ್ತಿಲ್ಲ. ನಿಮ್ಮ ಸಿಗ್ನಲ್ ಕದಿಯುವವರು ಇದ್ದಾರೆ, ಅವರನ್ನು ಹಿಡಿಯಿರಿ, ನನ್ನದೇನೂ ತಕರಾರಿಲ್ಲ. ಆದರೆ ಸುತ್ತಿಗೆ ಕೊಂಡವನ ಮೇಲೆಲ್ಲ ಮನೆ ಒಡೆದ ಆರೋಪ ಹೊರಿಸಬೇಡಿ.

ಹದಿನೈದು ದಿನದೊಳಗೆ ನನ್ನ ಫೈಲ್ ಮುಚ್ಚಿದ್ದೇವೆಂದು ಲಿಖಿತವಾಗಿ ತಿಳಿಸಿ. ಆ ಪ್ರತಿನಿಧಿ ನಮ್ಮ ತಂದೆಯವರ ಹೆಸರಿಗೆ ಕ್ಷಮಾಪಣೆ ಪತ್ರ ಬರೆಯಬೇಕು.

ಇಲ್ಲವಾದರೆ ಈ ಪತ್ರ, ಮೂರು ನೋಟಿಸು, ಆ ಕರೆಯ ಟಿಪ್ಪಣಿ ಎಲ್ಲವೂ ಫ್ಲಾರಿಡಾದ ಅಟಾರ್ನಿ ಜನರಲ್ ಕಚೇರಿಗೆ ಹೋಗುತ್ತವೆ. ನೋಟಿಸಿಗೆ ಸಹಿ ಹಾಕಿದ ವಕೀಲರ ಮೇಲೆ ವಕೀಲರ ಸಂಘವಾದ ಬಾರ್‌ಗೂ ದೂರು ಹೋಗುತ್ತದೆ. ವಕೀಲರ ಜೊತೆ ಮಾತಾಡಿದ್ದೇನೆ. ನಿಮ್ಮ 3,500ಕ್ಕಿಂತ ಹೆಚ್ಚೇ ಖರ್ಚಾಗುತ್ತದೆ, ಆಗಲಿ. ಇದೇ ನೋಟಿಸ್ ಬಂದಿರುವ ಇಬ್ಬರು ಕನ್ನಡದವರನ್ನು ಹುಡುಕಿದ್ದೇನೆ. ಅದರಲ್ಲಿ ಒಬ್ಬರು ಹೆದರಿ ದುಡ್ಡು ಕಟ್ಟಿಬಿಟ್ಟಿದ್ದಾರೆ. ಅವರನ್ನೂ ಕರೆದುಕೊಂಡೇ ಬರುತ್ತೇನೆ.

ಉಪಕರಣವನ್ನು ನಿಮಗೆ ಒಪ್ಪಿಸಿ ಸಹಿ ಹಾಕಿ ಅಂದಿದ್ದೀರಿ. ಒಪ್ಪಿಸುವುದಿಲ್ಲ. ಅದು ನನ್ನ ಮೇಜಿನ ಡ್ರಾಯರಿನಲ್ಲಿದೆ, ನಾನು ಬರೆದ ಲಾಗಿನ್ ಕಾರ್ಡು ಇವತ್ತಿಗೂ ಅದರೊಳಗೇ ಇದೆ, ತೂರಿಸಿ ತೆಗೆದು ಚಿಪ್ಪಿನ ಹೊಳಪೆಲ್ಲ ಸವೆದಿದೆ. ನ್ಯಾಯಾಧೀಶರು ಕೇಳಿದರೆ ಅವರ ಮುಂದೆ ಇಟ್ಟು ತೋರಿಸುತ್ತೇನೆ.

ಇತಿ,
ನಿಮ್ಮ ಫೈಲಿನಲ್ಲಿ ಬರೀ ನಂಬರಾಗಿರುವವನು